ಹೆಬ್ಬಾವಿನ ಮರಿ ಅಂದಿರಲ್ಲ, ಮೊದಲು ಅದರ ಮಾತು ಆಡೋಣ

ತುರುವೇಕೆರೆ ಕಡೆಯಿಂದ ಓದುಗರೊಬ್ಬರು ಉದ್ದದ ಕಾಗದ ಬರೆದಿದ್ದಾರೆ. ಮಾವನವರ ಕಾಲದ ಹಂಚಿನ ಮನೆ, ಸುತ್ತ ತೆಂಗಿನ ತೋಟ. ಬಹಳ ವರ್ಷ ಬೀಗ ಹಾಕಿದ್ದ ಆ ಮನೆಗೆ ಈಗ ಸಂಸಾರ ಸಮೇತ ಬಂದಿದ್ದಾರೆ. ಈ ಮಳೆಗಾಲದಲ್ಲಿ ಬಚ್ಚಲಲ್ಲಿ ಒಂದು ಹಾವು, ಕೊಬ್ಬರಿ ಅಟ್ಟದಲ್ಲಿ ಉದ್ದನೆಯ ಪೊರೆ, ನೀರಿನ ತೊಟ್ಟಿಯಲ್ಲಿ ಇನ್ನೊಂದು, ಕಾಯಿ ಸಿಪ್ಪೆ ರಾಶಿಯಲ್ಲಿ ಮತ್ತೊಂದು ಕಂಡಿದೆ. ಮನೆ ಕಾಯೋ ನಾಗಪ್ಪ, ಮುಟ್ಟಬೇಡಿ ಅಂತ ಅತ್ತೆಯವರು. ಹೊಡೆದು ಹಾಕೋಣ ಅಂತ ಮಗ. ಮನೆ ಮಾರಿಬಿಡಿ ಅಂತ ಪಕ್ಕದ ತೋಟದವರು. "ಹಾವು ಬರದ ಹಾಗೆ ಮಾಡೋದು ಹೇಗೆ? ಇಲ್ಲಾ, ನಾವೇ ಜಾಗ ಖಾಲಿ ಮಾಡಬೇಕಾ?" ಅನ್ನೋದು ಇವರ ಪ್ರಶ್ನೆ.

ನಿಮ್ಮ ಕಾಗದದಲ್ಲಿ ಬಚ್ಚಲ ಹಾವಿಗೆ ಎರಡು ಪುಟ ಹೋಗಿದೆ. ಸಿಪ್ಪೆ ರಾಶಿಯದಕ್ಕೆ ಸಿಕ್ಕಿದ್ದು ಎರಡೇ ಸಾಲು: "ದಪ್ಪಗೆ, ಗಿಡ್ಡಗೆ, ಮೈಮೇಲೆ ಸಾಲಾಗಿ ಕಂದು ಮಚ್ಚೆ. ಹತ್ತಿರ ಹೋದರೂ ಓಡಲಿಲ್ಲ, ಬುಸ್ಸೆಂದಿತು. ಹೆಬ್ಬಾವಿನ ಮರಿ ಅಂತ ಆಳು ಚೀಲದಲ್ಲಿ ಹಿಡಿಯೋಕೆ ಹೋದ, ನಾನೇ ಬೇಡ ಅಂದೆ." ಬೇಡ ಅಂದಿದ್ದು ಒಳ್ಳೇದಾಯ್ತು. ನೀವು ಬರೆದ ಗುರುತೆಲ್ಲ ಕೊಳಕುಮಂಡಲಕ್ಕೆ ಹೊಂದುತ್ತದೆ. ಸರಪಣಿ ಹಾಕಿದ ಹಾಗೆ ಮೂರು ಸಾಲು ಮಚ್ಚೆ, ತ್ರಿಕೋನದ ತಲೆ, ಕುಕ್ಕರ್ ಸೀಟಿಗೆ ಮುಂಚೆ ಬರುವಂಥ ದೊಡ್ಡ ಬುಸುಗುಟ್ಟು. ಅದು ಓಡುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ, ಅದಕ್ಕೇ ಜನ ತುಳಿಯುತ್ತಾರೆ. ಕಡಿದರೆ ಊತ, ನೋವು, ರಕ್ತ ಹೆಪ್ಪುಗಟ್ಟದೆ ಹೋಗುವುದು, ಕಿಡ್ನಿಗೆ ಪೆಟ್ಟು. ಇನ್ನೊಂದು ವಿಷಯ, ಇದು ಮೊಟ್ಟೆ ಇಡುವುದಿಲ್ಲ, ನೇರ ಮರಿಯನ್ನೇ ಹಾಕುತ್ತದೆ, ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಆದರೂ ಆಶ್ಚರ್ಯವಿಲ್ಲ, ಅದೂ ಹೆಚ್ಚಾಗಿ ಮುಂಗಾರು ಶುರುವಾಗುವ ಹೊತ್ತಿಗೆ. ಮರಿಗೂ ಹುಟ್ಟುತ್ತಲೇ ವಿಷ ಇರುತ್ತದೆ.

ಹಾಗಾಗಿ ಈ ವಾರ ಮಾಡಬೇಕಾದ ಕೆಲಸ ಆ ರಾಶಿಯದು. ಗೋಡೆಗೆ ಒರಗಿಸಿದ ಸಿಪ್ಪೆ, ಒಣ ಗರಿ, ಸೌದೆ ಮೂರೂ ಮನೆಯಿಂದ ದೂರ ಹೋಗಲಿ. ನಾರಿನ ಫ್ಯಾಕ್ಟರಿಯವರಿಗೆ ಕೊಟ್ಟರೆ ನಾಲ್ಕು ಕಾಸೂ ಬರುತ್ತೆ. ಬೆಳಕಿರುವಾಗ, ಕಾಲಿಗೆ ಗಂಬೂಟು ಹಾಕಿ, ಮೇಲಿನಿಂದ ಒಂದೊಂದೇ ಪದರ ಉದ್ದ ಕೋಲಿನಿಂದ ಎಳೆಸಿ. ಬರಿಗೈ ತೂರಿಸಿ ಬಾಚುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ. ಆಳಿಗೆ ಬೂಟು ಕೊಡಿಸದೆ ಆ ಕೆಲಸ ಹೇಳಬೇಡಿ, ದಯವಿಟ್ಟು.

ಈಗ ಬಚ್ಚಲಿಗೆ ಬರೋಣ. ಹಂಡೆ ಒಲೆ ಪಕ್ಕದ ಸೌದೆಯಿಂದ ಎದ್ದು ಗೋಡೆ ಹತ್ತಿ ತೊಲೆ ಮೇಲೆ ಸರಸರ ಹೋಯ್ತು, ಆಳುದ್ದ ಇತ್ತು, ಹೆಡೆ ಎತ್ತಲಿಲ್ಲ ಅಂದಿರಿ. ಅದು ಕೇರೆ. ವಿಷವಿಲ್ಲ. ಅಟ್ಟದ ಪೊರೆಯೂ ಬಹುಶಃ ಅದರದ್ದೇ. ಪೊರೆ ಕಳಚುವಾಗ ಹಿಗ್ಗುತ್ತದೆ, ಹಾವಿಗಿಂತ ಉದ್ದ ಕಾಣುತ್ತದೆ, ಅದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ತಿಪಟೂರು ಸೀಮೆಯಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ತಾನೇ ಉಂಡೆ ಕೊಬ್ಬರಿ ಆಗೋದು? ಅಷ್ಟು ದಿನ ಅಲುಗಾಡಿಸದ ಅಟ್ಟ ಅಂದರೆ ಇಲಿಗೆ ಹಬ್ಬ. ಇಲಿ ಹಿಂದೆಯೇ ಕೇರೆ. ಕೇರೆ ಹೊಡೆಸಿದರೆ ಇಲಿ ಉಳಿಯುತ್ತವೆ, ಆಮೇಲೆ ಇಲಿ ಹುಡುಕಿಕೊಂಡು ನಾಗರವೇ ಬರಬಹುದು. ಮಗನಿಗೆ ಇದನ್ನು ಓದಿ ಹೇಳಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹೊಡೆಯುವುದು ಅಪರಾಧ ಅನ್ನೋದನ್ನೂ ಸೇರಿಸಿ. ಕೇರೆ ಗಂಡು, ನಾಗರ ಹೆಣ್ಣು ಅಂತ ಪಕ್ಕದವರು ಹೇಳಿದ್ದು ಕಟ್ಟುಕಥೆ. ಎರಡೂ ಬೇರೆ ಬೇರೆ ಜಾತಿ.

ತೊಟ್ಟಿಯದು ನೀರುಹಾವು. ಕೆಣಕಿದರೆ ಕಚ್ಚುತ್ತದೆ, ವಿಷವಿಲ್ಲ. ಮುಂದೆ ಹೋಗೋಣ.

ನಿಮ್ಮ ಕಾಗದದಲ್ಲಿ ಇಲ್ಲದ ಹಾವೊಂದಿದೆ, ನನಗೆ ಜಾಸ್ತಿ ಯೋಚನೆ ಅದರದೇ. ಸೆಕೆಗೆ ಮಕ್ಕಳೆಲ್ಲ ಪಡಸಾಲೆ ನೆಲದಲ್ಲಿ ಚಾಪೆ ಹಾಕಿ ಮಲಗುತ್ತಾರೆ ಅಂತ ಸುಮ್ನೆ ಮಾತಿಗೆ ಬರೆದಿದ್ದೀರಿ. ಕಟ್ಟುಹಾವು ಓಡಾಡೋದು ರಾತ್ರಿ. ಹೊಳೆಯುವ ಕಪ್ಪು ಮೈ, ತೆಳ್ಳನೆಯ ಬಿಳಿ ಪಟ್ಟೆ. ನೆಲದಲ್ಲಿ ಮಲಗಿದವರ ಹಾಸಿಗೆಗೇ ಬಂದುಬಿಡುತ್ತದೆ, ಮಗ್ಗುಲು ಬದಲಿಸಿದಾಗ ಕಚ್ಚುತ್ತದೆ. ಎಷ್ಟೋ ಸಲ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ, ಇರುವೆಯೋ ಸೊಳ್ಳೆಯೋ ಅಂದುಕೊಂಡು ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ರೆಪ್ಪೆ ಎತ್ತಲಾಗುವುದಿಲ್ಲ, ಮಾತು ತೊದಲುತ್ತದೆ, ಆಮೇಲೆ ಉಸಿರಾಟಕ್ಕೇ ತೊಂದರೆ. ಗ್ಯಾಸ್ಟ್ರಿಕ್ ಅಂತ ಜೀರಿಗೆ ನೀರು ಕುಡಿಸಿ ಹೊತ್ತು ಕಳೆಯುವುದು ಇಲ್ಲೇ. ಇದಕ್ಕೆ ದಾರಿ ಸುಲಭ: ಮಂಚ, ಸೊಳ್ಳೆಪರದೆ, ಪರದೆಯ ಅಂಚನ್ನು ಹಾಸಿಗೆ ಕೆಳಗೆ ಸುತ್ತಲೂ ಸಿಕ್ಕಿಸುವುದು. ರಾತ್ರಿ ಹೊರಗೆ ಹೋಗುವಾಗ ಕೈಯಲ್ಲಿ ಟಾರ್ಚ್. ಬಚ್ಚಲ ನೀರು ಹೋಗುವ ತೂತಿಗೆ ಜಾಲರಿ, ಬಾಗಿಲ ಕೆಳಗಿನ ಸಂದಿಗೆ ಪಟ್ಟಿ. ಫಿನಾಯಿಲ್, ಬೆಳ್ಳುಳ್ಳಿ ನೀರು ಎರಡಕ್ಕೂ ದುಡ್ಡು ಕೊಡಬೇಡಿ. ಹಾವು ಅದಕ್ಕೆಲ್ಲ ಹೆದರುವುದಿಲ್ಲ.

ಹಾಗೂ ಕಚ್ಚಿತು ಅನ್ನಿ. ಕಟ್ಟು ಬಿಗಿಯಬೇಡಿ, ಕುಯ್ಯಬೇಡಿ, ನಾಟಿ ಔಷಧಿಯವರ ಮನೆಗೆ ಸುತ್ತಬೇಡಿ. ಬಳೆ, ಉಂಗುರ, ಕಾಲುಂಗುರ ತೆಗೆದು, ಕಚ್ಚಿದ ಕೈಯೋ ಕಾಲೋ ಅಲ್ಲಾಡದಂತೆ ಹಲಗೆ ಇಟ್ಟು, 108 ಕರೆಯಿರಿ, ಇಲ್ಲಾ ಸಿಕ್ಕಿದ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಹೊರಟ ಮೇಲೆ ಆಸ್ಪತ್ರೆಗೆ ಒಂದು ಫೋನ್ ಮಾಡಿ, ಆ ನಂಬರ್ ಇವತ್ತೇ ಬರೆದು ಗೋಡೆಗೆ ಅಂಟಿಸಿ. ಹಾವನ್ನು ಹುಡುಕಿ ಹೊಡೆದು ತಗೊಂಡು ಹೋಗಬೇಕಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಕೊಡುವ ಮದ್ದು ಒಂದೇ. ಕುದುರೆಯ ರಕ್ತದಿಂದ ಮಾಡುವ ಆ ಮದ್ದು ಬಿಟ್ಟರೆ ವಿಷಕ್ಕೆ ಬೇರೆ ಮದ್ದಿಲ್ಲ. ಇದೇನು ಅಪರೂಪದ ಮಾತಲ್ಲ. ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆ ಅನ್ನೋದು 2000ರಿಂದ 2019ರವರೆಗಿನ ಅಂದಾಜು. ನಮ್ಮ ರಾಜ್ಯ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಗೊತ್ತುಮಾಡಿತು.

ಅತ್ತೆಯವರ ಜೊತೆ ಜಗಳ ಬೇಡ. ನಾಗಲಮಡಿಕೆಯ ಸುಬ್ರಹ್ಮಣ್ಯನ ಗುಡಿಗೆ ಹೋಗಿ ಬರಬೇಕು ಅಂದರೆ ಖಂಡಿತ ಕರೆದುಕೊಂಡು ಹೋಗಿ, ಪಾವಗಡದ ದಾರಿ ಚೆನ್ನಾಗಿಯೂ ಇರುತ್ತೆ. ಅರಳಿಕಟ್ಟೆಯ ನಾಗರಕಲ್ಲಿಗೆ ತನಿ ಎರೆಯಲಿ. ಅಟ್ಟದಲ್ಲಿ ಬಟ್ಟಲು ಹಾಲು ಇಡೋದು ಮಾತ್ರ ನಿಲ್ಲಿಸಿ. ಹಾಲು ಹಾವಿನ ಆಹಾರವಲ್ಲ. ಬೆಳಗ್ಗೆ ಬಟ್ಟಲು ಖಾಲಿಯಾಗಿದ್ದರೆ ಕುಡಿದದ್ದು ಬೆಕ್ಕೋ ಇಲಿಯೋ.

ಮನೆ ಮಾರುವ ಮಾತು ನನಗೆ ಒಪ್ಪಿಗೆಯಿಲ್ಲ. ಇಷ್ಟು ವರ್ಷ ಮನುಷ್ಯರ ಸದ್ದಿಲ್ಲದ ಮನೆ, ಇಲಿ ತುಂಬಿದ ಅಟ್ಟ, ತಂಪು ರಾಶಿ, ಇನ್ನೇನು ಬೇಕಿತ್ತು ಅವಕ್ಕೆ? ನೀವು ಒಲೆ ಹಚ್ಚಿ, ಗುಡಿಸಿ, ಓಡಾಡುತ್ತಿದ್ದ ಹಾಗೆ ಕಾಣಿಸುವುದು ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ. ತೆಂಗಿನ ತೋಟದಲ್ಲಿ ಅಷ್ಟು ಒಪ್ಪಿಕೊಳ್ಳಬೇಕು.

ಅಂದ ಹಾಗೆ, ಎರಡು ತಲೆ ಹಾವು ಇದ್ದರೆ ಲಕ್ಷಗಟ್ಟಲೆ ಕೊಡ್ತೀವಿ ಅಂತ ಬೈಕಲ್ಲಿ ಯಾರೋ ಬಂದಿದ್ದರು ಅಂದಿರಲ್ಲ. ಅದು ಮಣ್ಣುಮುಕ್ಕ, ಬಾಲ ಮೊಂಡಾಗಿರೋದಕ್ಕೆ ಎರಡು ತಲೆ ಅಂತಾರೆ ಅಷ್ಟೆ. ಮಾರೋದೂ ಅಪರಾಧ, ಕೊಳ್ಳೋದೂ ಅಪರಾಧ. ಮತ್ತೆ ಬಂದರೆ ಮಾತಾಡಿಸಿ ನಿಲ್ಲಿಸಿಕೊಳ್ಳೋಕೆ ಹೋಗಬೇಡಿ, ಗಾಡಿ ನಂಬರ್ ಬರೆದುಕೊಂಡು ಅರಣ್ಯ ಇಲಾಖೆಯ 1926ಕ್ಕೆ ಹೇಳಿ.