ಮೇಲೊಂದು ಕೋರ್ಟ್ ಇದೆಯಾ?

(ಹೆಸರು, ಊರು, ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅಮ್ಮ, ಮಗಳು ಇಬ್ಬರೂ ಒಪ್ಪಿದ್ದಾರೆ.)

ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದ ಮೊದಲ ದಿನ ಶಾರದಮ್ಮ ಕುರ್ಚಿಯ ತುದಿಯಲ್ಲೇ ಕೂತಿದ್ದರು. ತೊಡೆ ಮೇಲಿನ ಚೀಲ ಕೆಳಗಿಳಿಸಲಿಲ್ಲ. ವಯಸ್ಸು 52. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ನಿದ್ದೆ ಇಲ್ಲ, ಊಟ ಸೇರಲ್ಲ, ಡಾಕ್ಟರು ಇಲ್ಲಿಗೆ ಹೋಗಿ ಅಂದರು. ಹತ್ತು ನಿಮಿಷ ಇದೇ ಮಾತು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದರು: "ಮೇಡಂ, ಮೇಲೊಂದು ಕೋರ್ಟ್ ಇದೆಯಾ?"

ಅವರ ಮಗ 2017ರಲ್ಲಿ ತೀರಿಕೊಂಡ. 24 ವರ್ಷ. ರಾತ್ರಿ ಅಂಗಡಿ ಮುಚ್ಚಿ ಬೈಕಿನಲ್ಲಿ ಬರುವಾಗ ಕಾರೊಂದು ಗುದ್ದಿತು, ನಿಲ್ಲಲಿಲ್ಲ. ಕಾರು ಯಾರದು ಅಂತ ಊರಿಗೆಲ್ಲ ಗೊತ್ತು. ಕೇಸು ಐದು ವರ್ಷಕ್ಕೂ ಜಾಸ್ತಿ ನಡೆಯಿತು. ಕಣ್ಣಾರೆ ಕಂಡೆ ಎಂದಿದ್ದ ಸಾಕ್ಷಿ ಕಟಕಟೆಯಲ್ಲಿ ನಿಂತು ಕಂಡಿಲ್ಲ ಎಂದ. ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಿದರು. ತೀರ್ಪು ಬಂದ ಮುಂದಿನ ತಿಂಗಳೇ ಊರ ಜಾತ್ರೆ. ಆ ಮನುಷ್ಯ ತೇರಿನ ಹಗ್ಗ ಹಿಡಿದು ನಗುತ್ತಿದ್ದುದನ್ನು ಶಾರದಮ್ಮ ನೋಡಿದರು. ನಿದ್ದೆ ಹೋದದ್ದು ಅವತ್ತಿನಿಂದ.

"ಶಿಕ್ಷೆ ಆಗಿದ್ರೂ ಜಾಸ್ತಿ ಅಂದ್ರೆ ಎರಡು ವರ್ಷ ಅಂತೆ ಮೇಡಂ. ನನ್ನ ಮಗನಿಗೆ ಎರಡು ವರ್ಷನಾ?" ಅವರು ಹೇಳಿದ್ದು ನಿಜ. ಆಗಿನ ದಂಡಸಂಹಿತೆಯ 304ಎ ಸೆಕ್ಷನ್ನಿನಲ್ಲಿ ಗರಿಷ್ಠ ಶಿಕ್ಷೆ ಎರಡೇ ವರ್ಷ. ಇಲ್ಲಿಯ ಕೋರ್ಟು ತನ್ನ ಕೈಲಾದದ್ದೆಲ್ಲ ಮಾಡಿದರೂ ಈ ತಾಯಿಯ ಲೆಕ್ಕ ಚುಕ್ತಾ ಆಗುತ್ತಿರಲಿಲ್ಲ. ಅವರು ಮೇಲೆ ನೋಡಿದ್ದು ಅದಕ್ಕೇ.

ಅವರಿಗೆ ಉತ್ತರ ಹೇಳುವವರು ಕಡಿಮೆ ಇರಲಿಲ್ಲ. ಬಟ್ಟೆ ಹೊಲಿಸಲು ಬರುವ ಪಕ್ಕದ ಮನೆಯ ಮುಸ್ಲಿಂ ಹೆಣ್ಣುಮಗಳು ಕಯಾಮತ್ ಎಂಬ ಕೊನೆಯ ವಿಚಾರಣೆ ದಿನದ ತಕ್ಕಡಿಯ ಬಗ್ಗೆ ಹೇಳಿದ್ದಳು. ಅಲ್ಲಿ ಸಾಸಿವೆ ಕಾಳಿನಷ್ಟು ಮಾಡಿದ್ದೂ ತೂಕಕ್ಕೆ ಬರುತ್ತದೆ. ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯನೇ ಮನ್ನಿಸಬೇಕು, ಸುಮ್ನೆ ಅಲ್ಲಾಹನ ಹತ್ತಿರ ಅತ್ತುಬಿಟ್ಟರೆ ಆಗಲ್ಲ ಅಂತಲೂ ಅಂದಿದ್ದಳು. ಈ ಮಾತು ಶಾರದಮ್ಮನಿಗೆ ತುಂಬ ಹಿಡಿಸಿತ್ತು. ಪ್ರಾರ್ಥನೆಗೆ ಕರೆದ ಕ್ರೈಸ್ತ ಗೆಳತಿ ಕೊನೆಯ ತೀರ್ಪಿನ ಜೊತೆಗೆ ಪಶ್ಚಾತ್ತಾಪ ಪಟ್ಟವರಿಗೆ ಸಿಗುವ ಕ್ಷಮೆಯ ಬಗ್ಗೆಯೂ ಹೇಳಿದಳು. ಅದು ಇವರಿಗೆ ನುಂಗಲಾಗದ ತುತ್ತು. ಮನೆಯಲ್ಲಿ ಅತ್ತೆಯ ಮಾತು ಒಂದೇ: "ಮಾಡಿದ್ದುಣ್ಣೋ ಮಹಾರಾಯ. ಯಾವ ಜನ್ಮದ ಕರ್ಮವೋ, ಅವನ ಆಯಸ್ಸು ಅಷ್ಟೇ ಇತ್ತು."

ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಮಾತ್ರ, "ಸತ್ತ ಮೇಲೆ ಏನೂ ಇಲ್ಲಮ್ಮ" ಅಂದುಬಿಟ್ಟಿದ್ದಳು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಅವಳು ಬರಲಿಲ್ಲ. ಅವತ್ತಿನಿಂದ ಇಬ್ಬರ ನಡುವೆ ಮಾತು ನಿಂತಿತ್ತು.

ನೀವು ನಂಬುತ್ತೀರಾ ಎಂದು ಶಾರದಮ್ಮ ನನ್ನನ್ನೂ ಕೇಳಿದರು. ನನ್ನ ನಂಬಿಕೆಯನ್ನು ನಿಮ್ಮ ಮೇಲೆ ಹೊರಿಸುವ ಜಾಗ ಇದಲ್ಲಮ್ಮ ಅಂದೆ. ಆದರೆ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಎಷ್ಟು ದಿನ ಬೇಕಾದರೂ ಜೊತೆಗೆ ಕೂತು ಮಾತಾಡುತ್ತೇನೆ ಎಂದು ಮಾತು ಕೊಟ್ಟೆ.

ಮುಳ್ಳು ಎಲ್ಲಿದೆ ಅಂತ ಮೂರನೇ ಭೇಟಿಯಲ್ಲಿ ಗೊತ್ತಾಯಿತು. "ಅತ್ತೆ ಹೇಳೋ ಹಾಗೆ ಕರ್ಮ ಇದ್ರೆ ಅವನಿಗೆ ಶಿಕ್ಷೆ ಆಗುತ್ತೆ, ಸರಿ. ಹಾಗಾದ್ರೆ ನನ್ನ ಮಗನೂ ಏನೋ ಮಾಡಿದ್ದ ಅಂತ ತಾನೇ ಅರ್ಥ? ಅವನು ಏನು ಮಾಡಿದ್ದ ಮೇಡಂ?" ಅವತ್ತು ಅವರು ಅತ್ತ ಅಳು ನನಗೆ ಇನ್ನೂ ನೆನಪಿದೆ. ಕಾರಿನವನಿಗೆ ಶಿಕ್ಷೆ ಆಗಲಿ ಅಂತ ಹಿಡಿದ ಹಗ್ಗವೇ ಮಗನ ಕುತ್ತಿಗೆಗೂ ಬಿದ್ದಿತ್ತು.

ಇದು ಅತ್ತೆಯೊಬ್ಬರ ತಪ್ಪಲ್ಲ. ಆ ಅಜ್ಜಿಯೂ ಮೊಮ್ಮಗನನ್ನು ಕಳಕೊಂಡವರೇ. ಲೋಕದಲ್ಲಿ ನ್ಯಾಯ ಇದ್ದೇ ಇದೆ ಅಂತ ನಂಬಲು ನಮ್ಮೆಲ್ಲರ ಮನಸ್ಸೂ ಹಟ ಹಿಡಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಮೆಲ್ವಿನ್ ಲರ್ನರ್ 1966ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹೆಂಗಸೊಬ್ಬಳಿಗೆ ಶಾಕ್ ಕೊಡುವಂತೆ ನಟಿಸಿ ತೋರಿಸಿದರು. ನೋಡುತ್ತಿದ್ದವರಿಗೆ ಅದು ನಟನೆ ಅಂತ ಗೊತ್ತಿಲ್ಲ. ಅವಳ ನೋವು ಇನ್ನೂ ಮುಂದುವರಿಯುತ್ತದೆ ಅಂದುಕೊಂಡವರು ಅವಳನ್ನೇ ಕೀಳಾಗಿ ಕಾಣತೊಡಗಿದರು. ತಪ್ಪಿಲ್ಲದವರಿಗೆ ಹೀಗಾಗುತ್ತದೆ ಅಂತ ಒಪ್ಪುವುದಕ್ಕಿಂತ, ಅವರಲ್ಲೇ ಏನೋ ಕೊರತೆ ಇದೆ ಅನ್ನುವುದು ಸುಲಭ. ದೇವರನ್ನು ನಂಬದವರೂ "ಅಷ್ಟು ಹೊತ್ತಿನಲ್ಲಿ ಬೈಕಲ್ಲಿ ಯಾಕೆ ಬರಬೇಕಿತ್ತು" ಅನ್ನುತ್ತಾರೆ, ಅಲ್ವಾ? ಎರಡೂ ಒಂದೇ ಜಾತಿಯ ಮಾತು.

ಶಾರದಮ್ಮನಿಗೆ ನಾನು ಪ್ರಯೋಗದ ಕಥೆ ಹೇಳಲಿಲ್ಲ. ಬುದ್ಧನ ಒಂದು ಪ್ರಸಂಗ ಹೇಳಿದೆ. ಸೀವಕ ಎಂಬ ಸನ್ಯಾಸಿ ಬುದ್ಧನನ್ನು ಕೇಳುತ್ತಾನೆ: ಮನುಷ್ಯ ಪಡುವ ಸುಖದುಃಖವೆಲ್ಲ ಹಿಂದಿನ ಕರ್ಮದ ಫಲ ಎನ್ನುತ್ತಾರಲ್ಲ, ನಿಜವೇ? ಬುದ್ಧ ಅಲ್ಲ ಎನ್ನುತ್ತಾನೆ. ಪಿತ್ತ ಕೆರಳಿದರೆ ನೋವಾಗುತ್ತದೆ, ಹವೆ ಬದಲಾದರೆ ಆಗುತ್ತದೆ, ಪೆಟ್ಟು ಬಿದ್ದರೂ ಆಗುತ್ತದೆ. ಕರ್ಮ ಹಲವು ಕಾರಣಗಳಲ್ಲಿ ಒಂದು ಮಾತ್ರ. ಕರ್ಮವನ್ನು ನಂಬಿದ ಬುದ್ಧನೇ ಹೀಗೆ ಹೇಳಿದ್ದಾನೆ. "ಹಾಗಾದ್ರೆ ನನ್ನ ಮಗ ಸತ್ತಿದ್ದು ಆ ಕಾರಿನವನು ಕುಡಿದು ಓಡಿಸಿದ್ದಕ್ಕೆ" ಅಂದರು. ಕುಡಿದದ್ದು ಕೋರ್ಟಿನಲ್ಲಿ ಸಾಬೀತಾಗಿಲ್ಲ, ನಾನು ಆ ಬಗ್ಗೆ ಏನೂ ಹೇಳಲಾರೆ. ಆದರೆ ಮಗನ ತಪ್ಪಿಗಲ್ಲ ಅನ್ನುವುದು ಅವರ ಬಾಯಲ್ಲಿ ಮೊದಲ ಸಲ ಬಂತು.

ಇನ್ನೊಂದು ದಿನ ಕೇಳಿದೆ: "ಆ ಮೇಲಿನ ಕೋರ್ಟಿನಲ್ಲಿ ಏನಾಗಬೇಕು ಅಂತ ನಿಮ್ಮ ಆಸೆ?" ಕುದಿಯುವ ಎಣ್ಣೆ, ಕಬ್ಬಿಣದ ಸಲಾಕೆ ಅಂತ ಹೇಳುತ್ತಾರೇನೋ ಎಂದುಕೊಂಡಿದ್ದೆ. ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತರು. "ಅವನು ಎಲ್ಲರ ಮುಂದೆ ಒಪ್ಕೋಬೇಕು. ಗುದ್ದಿದೆ, ನಿಲ್ಲಿಸಲಿಲ್ಲ ಅಂತ ಅವನ ಬಾಯಲ್ಲೇ ಬರಬೇಕು. ಆಮೇಲೆ ನನ್ನ ಮಗ ನನ್ನ ಹತ್ರ ಬರಬೇಕು." ಸ್ವಲ್ಪ ತಡೆದು, "ನಾನೇ ಬೇಗ ಹೋದ್ರೆ ಅವನನ್ನ ನೋಡಬಹುದಲ್ವಾ" ಎಂದರು.

ಇಂಥ ಮಾತನ್ನು ತೇಲಿಸಿ ಬಿಡಬಾರದು. ಜೀವ ತೆಗೆದುಕೊಳ್ಳುವ ಯೋಚನೆ ಇದೆಯಾ, ಹೇಗೆ ಅಂತ ಯೋಚಿಸಿದ್ದೀರಾ ಎಂದು ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಯೋಚನೆ ಇತ್ತು, ಸಿದ್ಧತೆ ಇರಲಿಲ್ಲ. ಅವತ್ತೇ ಮನೋವೈದ್ಯರನ್ನು ಕಾಣುವ ಏರ್ಪಾಡು ಮಾಡಿದೆ. ರಾತ್ರಿ ಹೊತ್ತು ಕಷ್ಟವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಅಂದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಗಳನ್ನು ಕರೆಸಲು ಒಪ್ಪಿಗೆ ಕೇಳಿದೆ. "ಅವಳು ಬರಲ್ಲ" ಅಂದರು. ಮಗಳು ಮರುದಿನವೇ ಬಂದಳು.

ಮಗಳ ಸಿಟ್ಟು ಬೇರೆ ಥರದ್ದು. "ಬಾಯಾರಿಕೆ ಇದೆ ಅಂದ ಮಾತ್ರಕ್ಕೆ ಬಾವಿ ಇರಲೇಬೇಕಾ ಮೇಡಂ?" ಈ ಮಾತಿಗೆ ತೂಕವಿದೆ. ಜರ್ಮನಿಯ ತತ್ವಜ್ಞಾನಿ ಕಾಂಟ್ 1788ರಲ್ಲಿ ವಾದಿಸಿದ್ದು ಹೆಚ್ಚುಕಡಿಮೆ ಆ ಬಾವಿಯ ಪರವಾಗಿ. ಒಳ್ಳೆಯತನಕ್ಕೂ ಸುಖಕ್ಕೂ ಈ ಬದುಕಿನಲ್ಲಿ ತಾಳೆಯಾಗಲ್ಲ, ಆದರೆ ಆಗಬೇಕು ಅಂತ ನಮ್ಮ ವಿವೇಕವೇ ಕೇಳುತ್ತದೆ, ಹಾಗಾಗಿ ದೇವರನ್ನೂ ಸಾಯದ ಆತ್ಮವನ್ನೂ ಇದೆಯೆಂದು ಇಟ್ಟುಕೊಳ್ಳಬೇಕು ಎಂದ. ಸಾಬೀತು ಮಾಡಲಾಗದು ಅಂತ ಅವನೂ ಒಪ್ಪಿದ್ದ. ನಮ್ಮಲ್ಲಿ ಶರಣರು 12ನೇ ಶತಮಾನದಲ್ಲೇ ಸ್ವರ್ಗ ನರಕಗಳನ್ನು ನಮ್ಮ ನಡತೆಯೊಳಗೇ ತಂದಿಟ್ಟರು. ಈ ವಾದವನ್ನು ನನ್ನ ಕೋಣೆಯಲ್ಲಿ ಮುಗಿಸುವ ಹಟ ನನಗಿರಲಿಲ್ಲ. ನಾನು ಮಗಳನ್ನು ಕೇಳಿದ್ದು ಒಂದೇ: "ಮೇಲೆ ಯಾವ ಕೋರ್ಟೂ ಇಲ್ಲ ಅಂದರೆ, ನಿನಗೆ ಏನು ಅನಿಸುತ್ತದೆ?"

ಅವಳು ಬ್ಯಾಗಿನಿಂದ ಒಂದು ಫೈಲ್ ತೆಗೆದಳು. ತೀರ್ಪಿನ ಪ್ರತಿ, ಎಫ್‌ಐಆರ್, ಸಾಕ್ಷಿಗಳ ಹೇಳಿಕೆ. ಸಾಲು ಸಾಲಿಗೆ ಗುರುತು ಹಾಕಿದ್ದಳು. "ಇಲ್ಲ ಅಂದ್ರೆ ಇಲ್ಲೇ ಆಗಬೇಕಲ್ಲ ಮೇಡಂ. ಬೇರೆ ಜಾಗ ಇಲ್ಲವಲ್ಲ." ಅಮ್ಮನಿಗೆ ಈ ಫೈಲಿನ ಸುಳಿವೇ ಇರಲಿಲ್ಲ. ಏನೂ ಇಲ್ಲ ಅಂತ ಮಗಳು ಹೇಳಿದಾಗ ಅವರಿಗೆ ಕೇಳಿಸಿದ್ದು, ತಮ್ಮನನ್ನು ಮರೆತುಬಿಡು ಅಂತ. ಮೇಲಿನವನು ನೋಡಿಕೊಳ್ಳುತ್ತಾನೆ ಎಂದು ಅಮ್ಮ ಹೇಳಿದಾಗ ಮಗಳಿಗೆ ಕೇಳಿಸಿದ್ದು, ಇನ್ನು ಹೋರಾಡುವುದು ಬೇಡ ಅಂತ. ಇಬ್ಬರೂ ಹಾಗೆ ಹೇಳಿರಲೇ ಇಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಪರಲೋಕ ಇದೆಯೋ ಇಲ್ಲವೋ ಎಂಬ ವಾದವನ್ನು ಮನೆಯಲ್ಲಿ ಆರು ತಿಂಗಳು ಎತ್ತಬೇಡಿ. ನಿಮ್ಮ ನಂಬಿಕೆ ನಿಮಗೆ, ಅವಳದು ಅವಳಿಗೆ. ಮಗನ ಕರ್ಮದ ಮಾತು ಬಂದಾಗ ಸುಮ್ಮನೆ ಕೇಳಿಸಿಕೊಳ್ಳಬೇಡಿ, ಈ ಮಾತು ನನಗೆ ನೋವಾಗುತ್ತದೆ ಎಂದು ಅತ್ತೆಗೆ ಹೇಳಿ. ಕ್ಷಮಿಸಲೇಬೇಕು ಅಂತ ಯಾರೂ ನಿಮ್ಮನ್ನು ಒತ್ತಾಯಿಸುವಂತಿಲ್ಲ, ನಾನೂ ಕೂಡ. ಮಗಳಿಗೆ ಹೇಳಿದ್ದು: ಎಡೆ ಇಡುವಾಗ ಪಕ್ಕದಲ್ಲಿರು. ನಂಬಿಕೆ ಬೇಕಿಲ್ಲ, ತಮ್ಮನಿಗೆ ಏನಿಷ್ಟ ಅಂತ ನಿನಗೂ ಗೊತ್ತಲ್ಲ.

ಕಾನೂನಿನ ದಾರಿ ಮುಚ್ಚಿಲ್ಲ ಎನ್ನುವುದು ಅವರಿಗೆ ತಿಳಿದಿರಲಿಲ್ಲ. ಸರ್ಕಾರ ಮೇಲ್ಮನವಿ ಹಾಕದಿದ್ದರೆ ಮುಗಿಯಿತು ಅಂದುಕೊಂಡಿದ್ದರು. 2009ರ ಕೊನೆಯಿಂದ, ಆರೋಪಿಯನ್ನು ಬಿಟ್ಟ ತೀರ್ಪಿನ ವಿರುದ್ಧ ನೊಂದವರೇ ಮೇಲ್ಮನವಿ ಹಾಕಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 372ನೇ ಸೆಕ್ಷನ್ನಿನಲ್ಲಿ ಅದು ಸೇರಿತು, ಈಗಿನ ಹೊಸ ಸಂಹಿತೆಯಲ್ಲೂ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ತಡ ಮಾಡಬೇಡಿ, ಈ ವಾರವೇ ಹೋಗಿ ಅಂದೆ. ಗೆಲ್ಲುತ್ತೀರಿ ಅಂತ ಮಾತ್ರ ಹೇಳಲಿಲ್ಲ. ಸಾಕ್ಷಿ ಮತ್ತೆ ನಿಜ ಹೇಳುತ್ತಾನೆ ಅನ್ನುವ ಖಾತ್ರಿ ಯಾರಿಗಿದೆ?

ಮುಂದಿನ ಮಹಾಲಯ ಅಮಾವಾಸ್ಯೆಗೆ ಮಗಳು ಬಂದಳು. ತಮ್ಮನಿಗೆ ಇಷ್ಟ ಅಂತ ಮೊಟ್ಟೆ ಬೋಂಡ ಕರಿದಳು. ಅತ್ತೆ ಗೊಣಗಿದರಂತೆ, ಆಮೇಲೆ ತಾವೇ ಎಲೆಗೆ ಬಡಿಸಿದರಂತೆ. ಶಾರದಮ್ಮ ಈಗ ಐದು ಗಂಟೆಯಾದರೂ ಮಲಗುತ್ತಾರೆ. ಆದರೂ ಜಾತ್ರೆ ದಿನ ಮನೆಯಿಂದ ಹೊರಗೆ ಬರುವುದಿಲ್ಲ. ಮೇಲೊಂದು ಕೋರ್ಟ್ ಇದೆ ಅಂತಲೇ ಅವರ ನಂಬಿಕೆ, ಇಲ್ಲ ಅಂತಲೇ ಮಗಳ ನಂಬಿಕೆ. ಮೇಲ್ಮನವಿ ಸೆಷನ್ಸ್ ಕೋರ್ಟಿನಲ್ಲಿದೆ. ಮುಂದಿನ ವಾಯಿದೆಗೆ ಮಗಳು ರಜೆ ಹಾಕಿದ್ದಾಳೆ.