ದೂರು ಕೊಡುವುದು ಯಾರಿಗೆ?

ಪ್ರಶ್ನೆ: ಮೇಡಂ, ಮಗಳು ಸೇನೆ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ಅಮೆರಿಕದ ಸೇನೆಯಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ದೌರ್ಜನ್ಯದ ಬಗ್ಗೆ ಓದಿದ ಮೇಲೆ ನನಗೆ ನಿದ್ದೆಯಿಲ್ಲ. ಬಂದೂಕು ಹಿಡಿದವರೂ ದೂರು ಕೊಡಲು ಹೆದರುತ್ತಾರಾ?
– ಒಬ್ಬ ತಾಯಿ

ಉತ್ತರ: ಹೆದರುತ್ತಾರಮ್ಮ. ನಾನೂ ಯೂನಿಫಾರ್ಮ್ ಹಾಕಿದವಳು, ಆ ಭಯ ಗೊತ್ತು. ಬೇರೆ ಕೆಲಸವಾದರೆ ಸಂಜೆ ಮನೆಗೆ ಹೋಗಬಹುದು, ಬೇಡವೆನಿಸಿದರೆ ಬಿಟ್ಟುಬಿಡಬಹುದು. ಸೇನೆಯಲ್ಲಿ ಹಾಗಾಗುವುದಿಲ್ಲ. ತೊಂದರೆ ಕೊಟ್ಟವನು ಅದೇ ಕ್ಯಾಂಪಿನಲ್ಲಿರುತ್ತಾನೆ, ಅದೇ ಮೆಸ್ಸಿನಲ್ಲಿ ಉಣ್ಣುತ್ತಾನೆ. ರಜೆ, ಪೋಸ್ಟಿಂಗ್, ವರ್ಷದ ಗೌಪ್ಯ ವರದಿ ಎಲ್ಲ ಮೇಲಿನವರ ಕೈಯಲ್ಲಿ. ದೂರು ಹೋಗುವುದೂ ಅವರ ಮುಂದೆಯೇ. ಕೆಲವು ಸಲ ತಪ್ಪು ಮಾಡಿದವರೂ ಅವರೇ.

ನೀವು ಓದಿದ್ದು ವನೆಸಾ ಗಿಯೆನ್ ಸುದ್ದಿ ಇರಬೇಕು. 2020ರಲ್ಲಿ ಟೆಕ್ಸಸ್‌ನ ಫೋರ್ಟ್ ಹುಡ್ ಸೇನಾ ನೆಲೆಯಲ್ಲಿ ಸಹಸೈನಿಕನೊಬ್ಬ ಕೊಂದ, 20 ವರ್ಷದ ಹುಡುಗಿ. ಅದಕ್ಕೂ ಮೊದಲು ಇನ್ನೊಬ್ಬ, ಅವಳ ಮೇಲಿನವನು, ಲೈಂಗಿಕ ಕಿರುಕುಳ ಕೊಟ್ಟಿದ್ದ. ವಿಷಯ ಗೊತ್ತಾದರೂ ಯೂನಿಟ್‌ನವರು ಕ್ರಮ ತೆಗೆದುಕೊಂಡಿರಲಿಲ್ಲ. ಇದನ್ನು ಸೇನೆಯ ತನಿಖೆಯೇ ಹೇಳಿತು. ಆಗೆಲ್ಲ ಅಲ್ಲಿ ಅತ್ಯಾಚಾರದ ಕೇಸು ನಡೆಸಬೇಕೋ ಬೇಡವೋ ಅಂತ ಕಮಾಂಡರುಗಳೇ ತೀರ್ಮಾನಿಸುತ್ತಿದ್ದರು. ಅದನ್ನು ಬದಲಿಸಲು ಸೆನೆಟರ್ ಕರ್ಸ್ಟನ್ ಗಿಲ್ಲಿಬ್ರಾಂಡ್ 2013ರಿಂದ ಹೋರಾಡಿದರು. 2021ರಲ್ಲಿ ಕಾನೂನು ಬಂತು. 2023ರ ಡಿಸೆಂಬರ್ ಕೊನೆಯಿಂದ ಆ ತೀರ್ಮಾನ ಕಮಾಂಡರ್‌ಗೆ ಅಧೀನರಲ್ಲದ ಸೇನಾ ವಕೀಲರದು. ಎಷ್ಟು ತಡ ನೋಡಿ!

ನಮ್ಮಲ್ಲೇನು ಕಡಿಮೆ? ಮಹಿಳಾ ಅಧಿಕಾರಿಗಳಿಗೆ ಕಮಾಂಡ್ ಹುದ್ದೆ ಕೊಡುವ ಕೇಸಿನಲ್ಲಿ, ಹಳ್ಳಿಗಳಿಂದ ಬಂದ ಜವಾನರು ಹೆಣ್ಣಿನ ಆದೇಶ ಒಪ್ಪಲು ಸಿದ್ಧರಿಲ್ಲ ಎಂದು ಸರ್ಕಾರವೇ ಸುಪ್ರೀಂ ಕೋರ್ಟಿನಲ್ಲಿ ವಾದಿಸಿತ್ತು. 2020ರ ಫೆಬ್ರುವರಿ 17ರಂದು ಕೋರ್ಟ್ ಅದನ್ನು ತಳ್ಳಿಹಾಕಿತು. ಅವಳ ಆದೇಶಕ್ಕೇ ಬೆಲೆ ಇಲ್ಲದ ಕಡೆ ಅವಳ ದೂರಿಗೆ ಎಲ್ಲಿಂದ ಬರಬೇಕು ಬೆಲೆ? ನನ್ನ ಪ್ರಕಾರ ಎರಡೂ ಒಂದೇ ರೋಗ.

ಆದರೂ ಮಗಳನ್ನು ತಡೆಯಬೇಡಿ. ಏನಾದರೂ ಆದರೆ ದಿನ, ಸಮಯ, ಅಲ್ಲಿದ್ದವರ ಹೆಸರು ಅವತ್ತೇ ಬರೆದಿಡಲಿ. ಮೆಸೇಜುಗಳನ್ನು ಅಳಿಸದಿರಲಿ. ಮೈಮೇಲೆ ಕೈ ಮಾಡಿದ್ದರೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಮೊದಲು ಆಸ್ಪತ್ರೆಗೆ ಹೋಗಲಿ. ಸರ್ಕಾರಿಯೋ ಖಾಸಗಿಯೋ, ಅತ್ಯಾಚಾರವಾದವರಿಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕೆಂದು ನಮ್ಮ ಕಾನೂನಿದೆ. ಅವಳು ಮೊದಲು ಫೋನ್ ಮಾಡುವುದು ಬಹುಶಃ ನಿಮಗೇ. "ಅಲ್ಲಿಗೆ ಯಾಕೆ ಹೋದೆ" ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳುವುದಿಲ್ಲ ಅಂತ ಅವಳಿಗೆ ಈಗಲೇ ಹೇಳಿಬಿಡಿ.