ರವಿವಾರ ಚರ್ಚಿಗೆ ಹೋದರೆ ಸದಸ್ಯರಾದಂತೆಯೇ?

ಧಾರವಾಡದಲ್ಲಿ ಪ್ರತಿ ರವಿವಾರ ಚರ್ಚಿಗೆ ಹೋಗ್ತೀನಿ, ನಾನೂ ಸದಸ್ಯನೇ ಅಲ್ವಾ ಅಂತ ಕೇಳಿದ್ದೀರಿ. ಸುಮ್ನೆ ಬೆಂಚಿನ ಮೇಲೆ ಕೂತರೆ ಆಗುವುದಿಲ್ಲ.

ಕನ್ನಡ ಬೈಬಲಿನಲ್ಲಿ ಚರ್ಚಿಗೆ ಇರುವ ಪದ 'ಸಭೆ'. ಗ್ರೀಕ್ ಮೂಲದ 'ಎಕ್ಲೇಸಿಯ' ಅಂದರೂ ಕೂಡಿದ ಜನವೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದಾಗಲೂ ಲೆಕ್ಕ ಅದೇ: ಮೊದಲು ಜನ, ಗೋಡೆ-ಗಂಟೆ ಆಮೇಲೆ. ಬೈಬಲಿನಲ್ಲಿ ಸಭೆಗಳಿಗೆ ಪತ್ರ ಬರೆದ ಪೌಲ ಸಭೆಯನ್ನು ದೇಹಕ್ಕೆ ಹೋಲಿಸುತ್ತಾನೆ. ಕಣ್ಣು ಕೈಗೆ 'ನೀನು ಬೇಡ' ಅನ್ನುವಂತಿಲ್ಲ. ನನಗೆ ಜಾಸ್ತಿ ಹಿಡಿಸಿದ ಮಾತು ಇದು.

ಒಳಗೆ ಬರುವ ಬಾಗಿಲು ದೀಕ್ಷಾಸ್ನಾನ, ಅಂದರೆ ನೀರಿನಿಂದ ಕೊಡುವ ಬ್ಯಾಪ್ಟಿಸಮ್. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಪಂಗಡದಲ್ಲಿ ಕೂಸುಗಳಿಗೂ ಕೊಡುತ್ತಾರೆ, ಬೆಳೆದ ಮೇಲೆ ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ದೃಢೀಕರಣ. ಬ್ಯಾಪ್ಟಿಸ್ಟ್ ಪಂಗಡದವರು ನಂಬಿದವರನ್ನಷ್ಟೇ ನೀರಲ್ಲಿ ಪೂರ್ತಿ ಮುಳುಗಿಸುತ್ತಾರೆ. ಹಾಗಾಗಿ ಆರಾಧನೆ ಮುಗಿದ ಮೇಲೆ ಪಾಸ್ಟರನ್ನು ಕಂಡು, ತಯಾರಿ ಪಾಠ ಯಾವಾಗ ಅಂತ ಕೇಳಿ.